ಹಳೇ ಬಂದೂಕಿನ ತೋಟಾಕ್ಕೆ ಮನೆಯಲ್ಲಿ ಮದ್ದು ತುಂಬಬೇಡಿ

ಖಾನಾಪುರ ಕಡೆ ಬೆಳೆ ಕಾಯೋಕೆ ಅಂತ ಅಜ್ಜನ ಕಾಲದ ಲೈಸೆನ್ಸ್ ಬಂದೂಕು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಸುಮ್ನೆ ದುಡ್ಡು ಉಳಿಯುತ್ತದೆ ಅಂತ ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಬೇಡಿ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಭಯ ನಳಿಗೆಯದ್ದು. ಕರಿಮದ್ದಿಗೆ ಅಂತಲೇ ಮಾಡಿದ ಹಳೇ ನಳಿಗೆ ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡ ತಡೆಯುವುದಿಲ್ಲ, ಸಿಡಿದರೆ ಮೊದಲು ಹೋಗುವುದು ನಳಿಗೆ ಹಿಡಿದ ಕೈ, ಆಮೇಲೆ ಕಣ್ಣು.

ಅಂಗಡಿ ತೋಟಾ ಆದರೂ ಅಳತೆ ನೋಡಿ. 12 ಬೋರಿನ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಎಷ್ಟೋ ಹಳೇ ಬಂದೂಕುಗಳ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, 65 ಮಿ.ಮೀ., ಈಗ ಜಾಸ್ತಿ ಸಿಗುವ ತೋಟಾ 70 ಮಿ.ಮೀ. ಬಾಯಿ ಮಡಚಿರುವುದರಿಂದ ಅದು ಒಳಗೆ ಸರಾಗವಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ, ಯಾಕಂದ್ರೆ ಹಾರಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರಿಬಿಡುತ್ತದೆ. ತಿಳಿದ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಚೇಂಬರ್ ಅಳೆಸಿ.

ಮಳೆಗಾಲ ಮುಗಿದ ಮೇಲೆ ಬಂದೂಕು ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಬಿಚ್ಚಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ತುಕ್ಕಿನ ಕುಳಿ, ಕಣಜದ ಮಣ್ಣುಗೂಡು ಕಂಡರೆ ಹಾರಿಸಲೇಬೇಡಿ. ಕುದುರೆ (ಟ್ರಿಗರ್) ಎಳೆದರೂ ತೋಟಾ ಹಾರದಿದ್ದರೆ ತಕ್ಷಣ ತೆರೆಯಬೇಡಿ, ಯಾರೂ ಇಲ್ಲದ ಕಡೆ ನಳಿಗೆಯ ಬಾಯಿ ತಿರುಗಿಸಿ ಕನಿಷ್ಠ ಒಂದು ನಿಮಿಷ ಹಾಗೇ ಹಿಡಿದಿರಿ.