ಅಟ್ಟ ಇಳಿಸುವ ಮುನ್ನ: ದಸರಾ ಕ್ಲೀನಿಂಗ್‌ನಲ್ಲಿ ಕಸ ಕಡಿಮೆ ಮಾಡುವುದು ಹೇಗೆ?

ಗೊಂಬೆ ಕೂರಿಸಲು ಅಟ್ಟದಿಂದ ಟ್ರಂಕ್ ಇಳಿಸಿದರೆ, ಗೊಂಬೆಗಳ ಜೊತೆ ಇನ್ನೂ ಏನೇನೋ ಇಳಿಯುತ್ತವೆ. ಹಿಡಿ ಅಲುಗಾಡುವ ಕುಕ್ಕರ್, ಮಕ್ಕಳ ಹಳೇ ಸ್ಕೂಲ್ ಬ್ಯಾಗ್, ಉಡದೇ ಮೂಲೆ ಸೇರಿದ ಸೀರೆಗಳು. ಆಯುಧಪೂಜೆ ಹೊತ್ತಿಗೆ ಇವೆಲ್ಲ ಒಟ್ಟಿಗೆ ಕಸದ ಗಾಡಿ ಹತ್ತುತ್ತವೆ. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೊದಲು ಬಂದ ಊರು ನಮ್ಮ ಮೈಸೂರು. ಇದೇ ಊರಿನ ವಿದ್ಯಾರಣ್ಯಪುರಂ ಸುಯೇಜ್ ಫಾರ್ಮ್‌ನಲ್ಲಿ ಕಸದ ಗುಡ್ಡವೂ ಬೆಳೆಯಿತು. ಸುತ್ತಲಿನ ಜನ ಆ ವಾಸನೆ ಕುಡಿದೇ ಬದುಕಿದರು. ಗಾಡಿ ಹತ್ತಿದ್ದು ಎಲ್ಲೋ ಒಂದು ಕಡೆ ಇಳಿಯಲೇಬೇಕು, ಅಲ್ವಾ?

ವಾರ ಮೊದಲೇ ಇಳಿಸಿ

ಹಬ್ಬದ ಹಿಂದಿನ ದಿನ ಇಳಿಸಿದರೆ ಎಲ್ಲವೂ ಕಸದಂತೆಯೇ ಕಾಣುತ್ತದೆ. ವಾರ ಮುಂಚೆ ಹಾಲ್‌ನಲ್ಲಿ ಚಾಪೆ ಹಾಸಿ ನಾಲ್ಕು ಗುಡ್ಡೆ ಮಾಡಿ: ರಿಪೇರಿಗೆ, ಕೊಡಲಿಕ್ಕೆ, ಹೊಲಿಗೆಗೆ, ಗುಜರಿಗೆ. ಕುಕ್ಕರ್ ಹಿಡಿ, ಮಿಕ್ಸಿ ಜಾರಿನ ಬ್ಲೇಡ್ ಇಂಥವನ್ನು ಅಂದೇ ರಿಪೇರಿ ಅಂಗಡಿಗೆ ಒಯ್ಯಿರಿ. ನಾಳೆ ಅಂದರೆ ಮತ್ತೆ ಅಟ್ಟವೇ ಗತಿ.

ಕೊಡುವುದನ್ನು ನೆಟ್ಟಗೆ ಕೊಡಿ

ಒಮ್ಮೆ ಮಕ್ಕಳ ಆಶ್ರಮವೊಂದಕ್ಕೆ ದೊಡ್ಡ ಮೂಟೆ ಬಟ್ಟೆ ಕೊಟ್ಟು ಬಂದಿದ್ದೆ. ಅಲ್ಲಿನ ಅಮ್ಮ ನನ್ನೆದುರೇ ಒಂದು ಫ್ರಾಕ್ ತೆಗೆದರು. ಬೆನ್ನ ಮೇಲಿನ ಜಿಪ್ ಅರ್ಧಕ್ಕೇ ನಿಂತುಹೋಗಿತ್ತು. ಅವರು ಎರಡು ಸಲ ಎಳೆದು ನೋಡಿ, ಏನೂ ಹೇಳದೆ ಪಕ್ಕಕ್ಕಿಟ್ಟರು. ನನ್ನ ಮನೆಯ ಕಸವನ್ನು ಅವರ ಮನೆಗೆ ಸಾಗಿಸಿದ್ದೆ, ಅಷ್ಟೇ.

ಅಂದಿನಿಂದ ಒಗೆದು, ಒಣಗಿಸಿ, ಗುಂಡಿ ಹಾಕಿ, ಜಿಪ್ ಎಳೆದು ನೋಡದೆ ಏನನ್ನೂ ಕೊಡುವುದಿಲ್ಲ. ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಚೀಲದ ಮೇಲೆ "8 ವರ್ಷದ ಹುಡುಗಿ" ಎಂದು ಬರೆದರೆ ಅವರಿಗೆ ಕೆಲಸ ಎಷ್ಟೋ ಹಗುರ. ಬೀದಿಯ ವಾಟ್ಸಾಪ್ ಗ್ರೂಪ್‌ಗೆ ಒಂದು ಫೋಟೋ ಹಾಕಿ ನೋಡಿ, ಸೈಕಲ್, ತೊಟ್ಟಿಲು ಸಂಜೆಯೊಳಗೆ ಹೊರಟುಬಿಡಬಹುದು. 2023ರ ಮೇನಲ್ಲಿ ದೇಶದ ನಗರಗಳಲ್ಲಿ ಹಳೇ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳನ್ನು ತೆರೆದರು. ನಿಮ್ಮ ವಾರ್ಡಿನಲ್ಲಿ ಈಗ ಇದೆಯಾ ಅಂತ ಪಾಲಿಕೆಯಲ್ಲಿ ವಿಚಾರಿಸಿ.

ಎರಡು ಸೀರೆಗೆ ಒಂದು ಬೊಂತೆ

ಉಟ್ಟು ಉಟ್ಟು ಮೆತ್ತಗಾದ ಕಾಟನ್ ಸೀರೆಯನ್ನು ದಯವಿಟ್ಟು ಎಸೆಯಬೇಡಿ. ಪದರ ಪದರ ಸೇರಿಸಿ ಹೊಲಿದರೆ ಹೊದೆಯಲು ಬೊಂತೆ, ಅಂದರೆ ಕೌದಿ ಆಗುತ್ತದೆ. ಸೀರೆ ಸುಮಾರು 5.5 ಮೀಟರ್ ಇರುತ್ತದೆ. ಮೂರು ತುಂಡು ಮಾಡಿದರೆ ಒಂದೊಂದು 1.8 ಮೀಟರ್, ಒಬ್ಬರು ಹೊದೆಯಲು ಸಾಕು. ಎರಡು ಸೀರೆಗೆ ಆರು ಪದರ ಸಿಗುತ್ತದೆ. ಹರಿದ ತುಂಡುಗಳು ನಡುವೆ ಇರಲಿ, ಗಟ್ಟಿಯಾದವು ಮೇಲೆ, ಕೆಳಗೆ. ಸಿಂಥೆಟಿಕ್ ಸೇರಿಸಬೇಡಿ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ.

ಎಲ್ಲವನ್ನೂ ಒಗೆದು, ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ. ಗೇಣಿಗೊಂದರಂತೆ ಉದ್ದುದ್ದ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಿ. ಈ ಕೆಲಸ ಬಿಟ್ಟರೆ ಅರ್ಧ ಹೊಲಿಯುವಷ್ಟರಲ್ಲಿ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ. ಆಮೇಲೆ ಅಂಚು ಮಡಚಿ, ದಪ್ಪ ಸೂಜಿಗೆ ಎರಡೆಳೆ ದಾರ ಪೋಣಿಸಿ, ಎರಡು ಬೆರಳು ಅಂತರದಲ್ಲಿ ಸಾಲು ಹಾಕುತ್ತಾ ಹೋಗಿ. ಕೊನೆಗೆ ಮೊದಲಿನ ಉದ್ದ ಹೊಲಿಗೆ ಬಿಚ್ಚಿ. ದಿನಕ್ಕೆ ಮೂರು ನಾಲ್ಕು ಸಾಲು ಹಾಕಿದರೂ ದೀಪಾವಳಿ ಹೊತ್ತಿಗೆ ಬೊಂತೆ ಸಿದ್ಧ. ಸೆರಗಿನ ಅಂಚು ಮುಖದ ಹತ್ತಿರ ಬರುವಂತೆ ಇಡಿ. ಅದು ಯಾರ ಸೀರೆ ಅಂತ ಮನೆಯವರಿಗೆ ಗೊತ್ತಾಗಬೇಕು.

ದೇವರ ಫೋಟೋ ಮತ್ತು ಉಳಿದದ್ದು

ಗಾಜು ಒಡೆದ ದೇವರ ಫೋಟೋವನ್ನು ಅರಳಿಕಟ್ಟೆಯಲ್ಲಿ ಇಟ್ಟು ಬರುವ ರೂಢಿ ನಮ್ಮಲ್ಲಿ ಜಾಸ್ತಿ. ಮಳೆಗೆ ನೆನೆದು, ಗಾಳಿಗೆ ಬಿದ್ದು, ದೇವರ ಚಿತ್ರ ಕಾಲಡಿಗೆ ಬರುವುದನ್ನು ನೋಡಲಾಗದು. ಮನೆಯಲ್ಲೇ ನಮಸ್ಕಾರ ಮಾಡಿ ಫ್ರೇಮ್ ಬಿಚ್ಚಿ. ಕಟ್ಟು ಗಟ್ಟಿಯಿದ್ದರೆ ಫ್ರೇಮ್ ಅಂಗಡಿಯಲ್ಲಿ ಹೊಸ ಗಾಜು ಹಾಕಿಸಿ ಮತ್ತೆ ಗೋಡೆಗೆ ಹಾಕಬಹುದು.

ಪೇಪರ್, ಕಬ್ಬಿಣ, ಪ್ಲಾಸ್ಟಿಕ್ ಗುಜರಿಗೆ. ಸೆಲ್, ಟ್ಯೂಬ್‌ಲೈಟ್, ಹಳೇ ಮಾತ್ರೆಗಳನ್ನು ಒಣ ಕಸಕ್ಕೆ ಬೆರೆಸದೆ ಬೇರೆ ಇಡಿ. ಒಡೆದ ಗಾಜನ್ನು ದಪ್ಪ ಪೇಪರ್‌ನಲ್ಲಿ ಸುತ್ತಿ, ಮೇಲೆ "ಗಾಜು" ಎಂದು ದೊಡ್ಡದಾಗಿ ಬರೆಯಿರಿ. ಬೆಳಿಗ್ಗೆ ಗಾಡಿ ಬಂದಾಗ ಸುಮ್ನೆ ಬಕೆಟ್‌ಗೆ ಹಾಕಬೇಡಿ. "ಅಣ್ಣಾ, ಇದರಲ್ಲಿ ಗಾಜಿದೆ" ಅಂತ ಹೇಳಿಯೇ ಕೊಡಿ.