ಐಸ್ ಹಾಕಿಯ ನಿಯಮ ಬದಲಿಸುವ ಮುನ್ನ ಗಡಿಯಾರ ನೋಡಿ

ಕೆನಡಾದ ಒಟ್ಟಾವಾದಲ್ಲಿ ನನ್ನ ಮಗ ಐಸ್ ಹಾಕಿ ಆಡುವ ರಿಂಕಿನಲ್ಲಿ, ಅಂದರೆ ಮಂಜಿನ ಅಂಗಳದಲ್ಲಿ, ಗಡಿಯಾರ ನೋಡಿಕೊಳ್ಳುವ ಕೆಲಸ ನನ್ನದು. ಅಪ್ಪ ಅಮ್ಮಂದಿರು ಸರದಿಯ ಮೇಲೆ ಮಾಡುವ ಕೆಲಸ ಅದು. ನನಗೆ ಹಿಡಿಸಿತು, ನಾನೇ ಉಳಿಸಿಕೊಂಡೆ. ರೆಫರಿ ಸೀಟಿ ಊದಿದ ಕೂಡಲೇ ಗುಂಡಿ ಒತ್ತಿ ಗಡಿಯಾರ ನಿಲ್ಲಿಸಬೇಕು. ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಮಂಜಿಗೆ ಬಿದ್ದ ಕೂಡಲೇ ಮತ್ತೆ ಓಡಿಸಬೇಕು. ಐದು ಚಳಿಗಾಲ ಇದನ್ನೇ ಮಾಡಿದ ಮೇಲೆ, ಆಟ ಎಲ್ಲಿ ಸಪ್ಪೆಯಾಗುತ್ತದೆ ಅನ್ನುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ನಾಲ್ಕೈದು ಕನ್ನಡದ ಮನೆಯವರು ಸೇರುತ್ತೇವೆ. ಟಿವಿಯಲ್ಲಿ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಆಟ. ಸ್ಕೋರು 2-1 ಆಗಿ ಮೂರನೇ, ಅಂದರೆ ಕೊನೆಯ ಪೀರಿಯಡ್ ಎಳೆಯತೊಡಗಿದರೆ ಸಾಕು, ಯಾರಾದರೂ ಒಂದು ಹೊಸ ನಿಯಮ ಹೇಳೇ ಹೇಳುತ್ತಾರೆ. ಗೋಲಿನ ಚೌಕಟ್ಟು ದೊಡ್ಡದು ಮಾಡಲಿ. ಒಬ್ಬ ಆಟಗಾರನನ್ನು ಕಡಿಮೆ ಮಾಡಲಿ. ರಿಂಕ್ ಅಗಲ ಮಾಡಲಿ. ನನಗೂ ಈ ಮಾತು ಇಷ್ಟ. ಆದರೆ ನಿಯಮ ಹೇಳುವುದಕ್ಕೂ ಒಂದು ಕ್ರಮ ಇದೆ ಅನ್ನಿಸುತ್ತದೆ. ನಾನು ಅನುಸರಿಸುವ ಕ್ರಮ ಇಲ್ಲಿದೆ.

ಮೊದಲು, ಒಂದು ಇಡೀ ಆಟವನ್ನು ಹಾಳೆ ಪೆನ್ನು ಹಿಡಿದು ನೋಡಿ

ಗೋಲು ಎಣಿಸಬೇಡಿ. ಗೋಲಿನ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ನೀವು ಬರೆಯಬೇಕಾದದ್ದು ಎರಡು. ಒಂದು, ಸೀಟಿ ಬಿದ್ದಾಗಲೆಲ್ಲ ಯಾಕೆ ಬಿತ್ತು ಅಂತ. ಎರಡು, ಪಕ್ ಕೈಯಲ್ಲಿದ್ದೂ ಆಟಗಾರ ಅದನ್ನು ಮುಂದೆ ಒಯ್ಯದೆ ಸುಮ್ನೆ ಹೊಡೆದು ಕಳಿಸಿದ್ದು ಯಾವಾಗ, ಆಗ ಸ್ಕೋರು ಎಷ್ಟಿತ್ತು ಅಂತ. ಎರಡನೆಯದೇ ಮುಖ್ಯ. ಮೂರು ಆಟ ಹೀಗೆ ನೋಡಿದರೆ ಒಂದು ವಿಷಯ ಹಾಳೆಯ ಮೇಲೆ ತಾನಾಗಿ ಕಾಣುತ್ತದೆ. ಆಟ ಸಪ್ಪೆಯಾಗುವುದು ಆಟಗಾರರಿಗೆ ಆಡಲು ಬಾರದೆ ಅಲ್ಲ. ಆಡದೆ ಇರುವುದೇ ಲಾಭ ಅನ್ನಿಸಿದಾಗ.

ಹಾಗಾಗಿ ನಿಯಮ ಯೋಚಿಸುವವರು "ಗೋಲು ಜಾಸ್ತಿ ಹೇಗೆ ಮಾಡೋಣ" ಅಂತ ಕೇಳಬಾರದು. "ಇಲ್ಲಿ ಸುಮ್ಮನೆ ನಿಂತವನಿಗೆ ಏನು ಸಿಗುತ್ತಿದೆ" ಅಂತ ಕೇಳಬೇಕು.

1995ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡ ಎನ್‌ಎಚ್‌ಎಲ್ ಚಾಂಪಿಯನ್ನರ ಸ್ಟ್ಯಾನ್ಲಿ ಕಪ್ ಗೆದ್ದದ್ದು ಇದಕ್ಕೆ ದೊಡ್ಡ ಉದಾಹರಣೆ. ಕೋಚ್ ಜಾಕ್ ಲಮೇರ್ ತಮ್ಮ ಆಟಗಾರರನ್ನು ರಿಂಕಿನ ನಡುಭಾಗದಲ್ಲಿ ಬಲೆಯ ಹಾಗೆ ನಿಲ್ಲಿಸಿದರು. ಎದುರಾಳಿಯ ಬೆನ್ನು ಹತ್ತುವುದಿಲ್ಲ. ದಾರಿ ಮುಚ್ಚಿ ಕಾಯುತ್ತಾರೆ, ತಪ್ಪು ಪಾಸ್ ಬಂದರೆ ಕಸಿದುಕೊಂಡು ಹೋಗುತ್ತಾರೆ. ಅದು ಶಿಸ್ತಿನ ಆಟ, ನನಗೆ ಅದರ ಮೇಲೆ ಗೌರವವಿದೆ. ಆದರೆ ಉಳಿದವರೂ ಅದನ್ನೇ ಕಲಿತರು. ಮುಂದಿನ ಹತ್ತು ವರ್ಷ ಲೀಗಿನಲ್ಲಿ ಗೋಲು ಕಡಿಮೆಯಾಗುತ್ತಾ ಬಂತು. ಆ ಕೋಚ್‌ಗಳು ತಪ್ಪು ಮಾಡಲಿಲ್ಲ. ನಿಯಮ ಏನು ಕೊಡುತ್ತಿತ್ತೋ ಅದನ್ನು ತೆಗೆದುಕೊಂಡರು, ಅಷ್ಟೆ.

ಆಮೇಲೆ, ಹಿಂದೆ ಯಾವುದು ಕೆಲಸ ಮಾಡಿತು ಅಂತ ನೋಡಿ

1928-29ರ ಸೀಸನ್ನಿನಲ್ಲಿ ಮಾಂಟ್ರಿಯಲ್ ಕನೇಡಿಯನ್ಸ್‌ನ ಗೋಲ್‌ಕೀಪರ್ ಜಾರ್ಜ್ ಹೇನ್ಸ್‌ವರ್ತ್ 44 ಆಟಗಳಲ್ಲಿ 22ರಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಎದುರಾಳಿಯ ವಲಯದೊಳಗೆ ಪಕ್ಕನ್ನು ಮುಂದಕ್ಕೆ ಪಾಸ್ ಮಾಡುವ ಹಾಗೇ ಇರಲಿಲ್ಲ ಆಗ. ಮರುವರ್ಷ ಎಲ್ಲ ಕಡೆ ಮುಂದಕ್ಕೆ ಪಾಸ್ ಮಾಡಬಹುದು ಅಂದರು. ಗೋಲು ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಆದರೆ ಆಟಗಾರರು ಗೋಲಿನ ಮುಂದೆ ಹೋಗಿ ಪಕ್‌ಗಾಗಿ ಕಾದು ನಿಲ್ಲತೊಡಗಿದರು. ಸೀಸನ್ ನಡುವೆಯೇ, ಡಿಸೆಂಬರಿನಲ್ಲಿ, ಪಕ್‌ಗಿಂತ ಮೊದಲು ಯಾರೂ ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆ ದಾಟಬಾರದು ಅಂತ ಸೇರಿಸಿದರು. ಇವತ್ತಿನ ಆಫ್‌ಸೈಡ್ ಬಂದದ್ದು ಹಾಗೆ. ನನಗೆ ಈ ಕತೆ ಬಹಳ ಇಷ್ಟ. ತೂತು ಕಂಡಾಗ ಅವರು ಹೊಸ ನಿಯಮವನ್ನೇ ಎಸೆಯಲಿಲ್ಲ, ತೂತನ್ನು ಮುಚ್ಚಿದರು.

ಇನ್ನು 2005. ಅದರ ಹಿಂದಿನ ಸೀಸನ್ ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ಪೂರ್ತಿ ರದ್ದಾಗಿತ್ತು. ವಾಪಸ್ ಬಂದಾಗ ಲೀಗ್ ಒಂದೇ ಸಲ ಹಲವು ಬದಲಾವಣೆ ತಂದಿತು. ತನ್ನ ವಲಯದ ನೀಲಿ ಗೆರೆಯ ಹಿಂದಿನಿಂದ ನಡುವಿನ ಕೆಂಪು ಗೆರೆಯಾಚೆಗೆ ನೇರ ಪಾಸ್ ಮಾಡಬಾರದು ಅನ್ನುವ ನಿಯಮ ಹೋಯಿತು. ಗೋಲ್‌ಕೀಪರ್‌ಗಳ ಕಾಲಿನ ಪ್ಯಾಡ್ 12 ಇಂಚಿನಿಂದ 11 ಇಂಚಿಗೆ ಇಳಿಯಿತು. ಐಸಿಂಗ್ ಮಾಡಿದ ತಂಡ, ಅಂದರೆ ತನ್ನ ಅರ್ಧದಿಂದ ಪಕ್ಕನ್ನು ಆ ತುದಿಗೆ ಹೊಡೆದು ಕಳಿಸಿದ ತಂಡ, ಸುಸ್ತಾದ ಆಟಗಾರರನ್ನು ಬದಲಿಸುವ ಹಾಗಿಲ್ಲ ಅಂದರು. ಸ್ಟಿಕ್ಕಿನಿಂದ ಎದುರಾಳಿಯನ್ನು ಕೊಕ್ಕೆ ಹಾಕಿ ಎಳೆಯುವುದು, ತಬ್ಬಿ ಹಿಡಿಯುವುದು ಇದಕ್ಕೆಲ್ಲ ಖಂಡಿತ ಶಿಕ್ಷೆ ಅಂದರು. ಒಂದು ತಂಡದ ಸರಾಸರಿ ಆಟಕ್ಕೆ 2.57 ಗೋಲಿನಿಂದ 3.08ಕ್ಕೆ ಏರಿತು.

ಕೊಕ್ಕೆ ಹಾಕುವುದು ಮೊದಲೂ ತಪ್ಪೇ ಆಗಿತ್ತು, ಗಮನಿಸಿ. ಪುಸ್ತಕದಲ್ಲಿತ್ತು, ಸೀಟಿಯಲ್ಲಿರಲಿಲ್ಲ. ಮುಂದಿನ ವರ್ಷಗಳಲ್ಲಿ ಸೀಟಿ ಮತ್ತೆ ಮೆತ್ತಗಾಯಿತು, ಆಟಗಾರರು ಹೊಡೆತಕ್ಕೆ ಮೈ ಅಡ್ಡ ಹಾಕುವುದನ್ನು ಕಲಿತರು, ಹತ್ತು ವರ್ಷದ ಹೊತ್ತಿಗೆ ಸರಾಸರಿ ವಾಪಸ್ 2.7ರ ಹತ್ತಿರಕ್ಕೆ ಇಳಿಯಿತು. ಆದ್ದರಿಂದ ನೀವು ಹೊಸ ನಿಯಮ ಹೇಳುವ ಮುನ್ನ ಈಗಿರುವ ಯಾವ ನಿಯಮವನ್ನು ಯಾರೂ ಪಾಲಿಸುತ್ತಿಲ್ಲ ಅಂತ ಹುಡುಕಿ. ಕೆಲವು ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ನಾನು ವಿರಾಜಪೇಟೆ ಕಡೆಯವನು. ಕೊಡಗಿನಲ್ಲಿ ಹಾಕಿ ಅಂದರೆ ಮೈದಾನದ ಹಾಕಿ, ಅದನ್ನೇ ಆಡಿ ಬೆಳೆದವನು. 1990ರ ದಶಕದ ಕೊನೆಗೆ ಫೀಲ್ಡ್ ಹಾಕಿಯಿಂದ ಆಫ್‌ಸೈಡನ್ನೇ ತೆಗೆದುಹಾಕಿದರು. ನಾನಾಗ ಹೈಸ್ಕೂಲು. ನಮ್ಮ ಫಾರ್ವರ್ಡ್ ಹುಡುಗ ಎದುರಾಳಿಯ ಗೋಲಿನ ಮುಂದಿನ ಡಿ ಹತ್ತಿರವೇ ಓಡಾಡತೊಡಗಿದ. ಅವನನ್ನು ಕಾಯಲು ಅವರ ಬ್ಯಾಕ್‌ಗಳು ಹಿಂದೆ ಸರಿಯಲೇಬೇಕಾಯಿತು. ನಡುವಿನ ಮೈದಾನ ಒಮ್ಮೆಲೇ ಬಿಚ್ಚಿಕೊಂಡಿತು. ಹಾಫ್ ಆಡುತ್ತಿದ್ದ ನನಗೆ ತಲೆಯೆತ್ತಿ ನೋಡುವಷ್ಟು ಸಮಯ ಸಿಕ್ಕಿದ್ದು ಆ ವರ್ಷವೇ. ಆಟ ಚಂದ ಕಾಣಿಸುವುದು ಇಂಥ ಜಾಗ ಸಿಕ್ಕಿದಾಗ. ಗೋಲು ಆಮೇಲೆ ಬರುತ್ತದೆ.

ಪಾಯಿಂಟ್ ಪಟ್ಟಿಯನ್ನು ಮರೆಯಬೇಡಿ

ನಿಯಮ ಅಂದರೆ ಎಲ್ಲರೂ ರಿಂಕಿನೊಳಗೇ ಹುಡುಕುತ್ತಾರೆ. ನನ್ನ ಪ್ರಕಾರ ಎನ್‌ಎಚ್‌ಎಲ್‌ನ ದೊಡ್ಡ ತೊಂದರೆ ಪಾಯಿಂಟ್ ಪಟ್ಟಿಯಲ್ಲಿದೆ. ಗೆದ್ದವರಿಗೆ 2 ಪಾಯಿಂಟ್. 60 ನಿಮಿಷದಲ್ಲಿ ಸೋತವರಿಗೆ ಏನೂ ಇಲ್ಲ. 60 ನಿಮಿಷಕ್ಕೆ ಸಮಬಲವಾಗಿ, ಓವರ್‌ಟೈಮಿನಲ್ಲೋ ಆಮೇಲಿನ ಶೂಟ್‌ಔಟಿನಲ್ಲೋ ಸೋತರೆ 1. ಈಗ ಒಂದು ಹಾಳೆಯ ಮೇಲೆ ಕೂಡಿಸಿ. ಮಾಮೂಲಿ ಆಟದಲ್ಲಿ ಎರಡೂ ತಂಡ ಸೇರಿ ಹಂಚಿಕೊಳ್ಳುವುದು 2. ಓವರ್‌ಟೈಮಿಗೆ ಹೋದರೆ 3. ಮೂರನೇ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಬಾಕಿ, ಸ್ಕೋರು 2-2. ನೀವು ಕೋಚ್ ಆಗಿದ್ದರೆ ಏನು ಹೇಳುತ್ತೀರಿ? "ಸಾಹಸ ಬೇಡ, ಗಂಟೆ ಹೊಡೆಯುವವರೆಗೆ ಇರಿ" ಅಂತ ಅಲ್ವಾ? ಎದುರು ಬೆಂಚಿನಲ್ಲೂ ಅದೇ ಮಾತು. ಒಂದೊಂದು ಪಾಯಿಂಟ್ ಇಬ್ಬರಿಗೂ ಗ್ಯಾರಂಟಿ.

ಅಂತಾರಾಷ್ಟ್ರೀಯ ಟೂರ್ನಿಗಳಲ್ಲಿ 60 ನಿಮಿಷದಲ್ಲಿ ಗೆದ್ದರೆ 3, ಓವರ್‌ಟೈಮಿನಲ್ಲಿ ಗೆದ್ದರೆ 2, ಅಲ್ಲಿ ಸೋತರೆ 1. 2024ರ ಜನವರಿಯಲ್ಲಿ ಶುರುವಾದ ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಕೂಡ ಇದನ್ನೇ ಇಟ್ಟುಕೊಂಡಿದೆ. ಯಾವ ಆಟವಾದರೂ ಒಟ್ಟು 3 ಪಾಯಿಂಟೇ. ಸಮಬಲದಲ್ಲಿ ಕೂತರೆ ಮೂರನೆಯ ಪಾಯಿಂಟ್ ಕೈ ಬಿಡುತ್ತದೆ. ನಮ್ಮೂರಿನ ಒಟ್ಟಾವಾ ಚಾರ್ಜ್ ತಂಡದ ಆಟಕ್ಕೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ. 1-1 ಇದ್ದು ಕೊನೆಯ ಐದು ನಿಮಿಷ ಬಂದಾಗ ಬೆಂಚಿನಲ್ಲಿರುವವರು ಕೂರುವುದೇ ಇಲ್ಲ. ಎನ್‌ಎಚ್‌ಎಲ್‌ನಲ್ಲಿ ಇದು ಬಂದರೆ ಬಲಿಷ್ಠ ತಂಡಗಳು ಪಟ್ಟಿಯಲ್ಲಿ ಬೇಗ ಮುಂದೆ ಹೋಗಬಹುದು, ಕೊನೆಯ ವಾರದವರೆಗಿನ ಪೈಪೋಟಿ ಸಡಿಲವಾಗಬಹುದು ಅನ್ನುತ್ತಾರೆ. ಇರಬಹುದು. ಆದರೆ ಇವತ್ತಿನ ಆಟ ಬೆಚ್ಚಗಿರಲಿ ಅನ್ನುವುದು ನನ್ನ ಆಸೆ.

ಈಗ ನಿಮ್ಮ ನಿಯಮವನ್ನು ಕೋಚ್ ಕೈಗೆ ಕೊಟ್ಟು ನೋಡಿ

ನಿಜವಾಗಿ ಕೊಡಬೇಕಿಲ್ಲ, ಮನಸ್ಸಿನಲ್ಲಿ ಕೊಡಿ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಕೆಂಪು ಗೆರೆಯ ಪಾಸ್ ನಿಯಮ ತೆಗೆದಾಗ ಉದ್ದದ, ಚಂದದ ಪಾಸ್‌ಗಳು ಬರುತ್ತವೆ ಅಂದುಕೊಂಡರು. ಬಂದವು ಕೂಡ. ಆದರೆ ದೂರದಲ್ಲಿ ನಿಂತ ಒಬ್ಬ ಆ ಉದ್ದದ ಪಾಸಿಗೆ ಸ್ಟಿಕ್ ತಾಗಿಸಿ ಪಕ್ಕನ್ನು ಮೂಲೆಗೆ ಬಿಡುವುದೂ ಬಂತು. ತಾಗಿತು ಅಂದರೆ ಐಸಿಂಗ್ ಇಲ್ಲ.

ಓವರ್‌ಟೈಮಿನದೂ ಇದೇ ಕತೆ. 2015-16ರಲ್ಲಿ ಎನ್‌ಎಚ್‌ಎಲ್ ಐದು ನಿಮಿಷದ ಓವರ್‌ಟೈಮಿಗೆ ಎರಡೂ ಕಡೆ ಮೂವರು ಆಟಗಾರರು ಅಂತ ಮಾಡಿತು. ಮೊದಲ ವರ್ಷ ನಾವು ಸೋಫಾ ಬಿಟ್ಟು ಎದ್ದು ನಿಂತು ನೋಡುತ್ತಿದ್ದೆವು. ಆಮೇಲೆ ಕೋಚ್‌ಗಳು ಲೆಕ್ಕ ಹಾಕಿದರು. ಪಕ್ ಕೈಯಲ್ಲಿದ್ದರೆ ಎದುರಾಳಿಗೆ ಗೋಲಿಲ್ಲ. ದಾರಿ ಕಾಣದಿದ್ದರೆ ಪಕ್ಕನ್ನು ತಮ್ಮ ವಲಯಕ್ಕೆ ವಾಪಸ್ ತಂದು, ಆಟಗಾರರನ್ನು ಬದಲಿಸಿ, ಮತ್ತೆ ನಿಧಾನಕ್ಕೆ ಹೊರಡುತ್ತಾರೆ. ಇದಕ್ಕೆ ನಾನು ಹೇಳುವ ಮದ್ದು ಬಾಸ್ಕೆಟ್‌ಬಾಲಿನದು. ಪಕ್ ಕೆಂಪು ಗೆರೆ ದಾಟಿದ ಮೇಲೆ ಹಿಂದಕ್ಕೆ ತರುವ ಹಾಗಿಲ್ಲ. ಬರೀ ಓವರ್‌ಟೈಮಿನಲ್ಲಿ ಮಾತ್ರ. ಮಾಮೂಲಿ ಆಟದಲ್ಲಿ ಇದನ್ನು ಹಾಕಿದರೆ ಐದು ಜನ ನಡುವಿನಲ್ಲಿ ಬಲೆ ಹಾಕಿ ಕೂರುತ್ತಾರೆ, 1995ಕ್ಕೇ ವಾಪಸ್.

ಗೋಲು ದೊಡ್ಡದು ಮಾಡುವ ಮಾತು ಇದೇ ಪರೀಕ್ಷೆಯಲ್ಲಿ ಬೀಳುತ್ತದೆ ಅಂತ ನನಗೆ ಅನ್ನಿಸುತ್ತದೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲನ್ನು ಏಳು ಅಡಿ ಮಾಡಿದರೆ ಕೋಚ್ ಹೆದರುತ್ತಾರೆ. ಹೆದರಿದ ಕೋಚ್ ಇನ್ನಿಬ್ಬರನ್ನು ಗೋಲಿನ ಮುಂದೆ ನಿಲ್ಲಿಸುತ್ತಾರೆ.

ಶಿಕ್ಷೆಯ ಎರಡು ನಿಮಿಷದಲ್ಲಿ ದೊಡ್ಡ ಅವಕಾಶ ಇದೆ

ನನ್ನ ಹಾಳೆಗಳಲ್ಲಿ "ಸುಮ್ನೆ ಹೊಡೆದರು" ಅನ್ನುವ ಗುರುತು ಅತಿ ಜಾಸ್ತಿ ಇರುವುದು ಇಲ್ಲಿ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರುತ್ತಾನೆ, ಅವನ ತಂಡ ಐವರ ಎದುರು ನಾಲ್ವರಾಗಿ ಆಡುತ್ತದೆ. ಇದೇ ಪವರ್ ಪ್ಲೇ. ಮೊದಲು ಆ ಎರಡು ನಿಮಿಷ ಪೂರ್ತಿ ಕೂರಬೇಕಿತ್ತು, ಎಷ್ಟು ಗೋಲು ಬಿದ್ದರೂ ಸರಿ. 1955ರ ನವೆಂಬರಿನಲ್ಲಿ ಮಾಂಟ್ರಿಯಲ್‌ನ ಜಾನ್ ಬೆಲಿವೋ ಬಾಸ್ಟನ್ ಎದುರು ಪವರ್ ಪ್ಲೇಯಲ್ಲಿ 44 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದರು. ಮರುವರ್ಷ ನಿಯಮವೇ ಬದಲಾಯಿತು. ಒಂದು ಗೋಲು ಬಿದ್ದರೆ ಶಿಕ್ಷೆ ಮುಗಿಯಿತು. ಒಬ್ಬ ಆಟಗಾರ ಅಷ್ಟು ಚೆನ್ನಾಗಿ ಆಡಿದ್ದಕ್ಕೆ ನಿಯಮ ಬದಲಿಸಿದ್ದು ನನಗೆ ಈಗಲೂ ಬೇಸರ.

ಪಿಡಬ್ಲ್ಯುಎಚ್‌ಎಲ್ ಇದನ್ನು ಇನ್ನೊಂದು ತುದಿಯಿಂದ ಹಿಡಿಯಿತು. ನಾಲ್ವರಿರುವ ತಂಡ ಗೋಲು ಹೊಡೆದರೆ ಹೊರಗೆ ಕೂತವಳು ಕೂಡಲೇ ಬಿಡುಗಡೆ. ಅದಕ್ಕೆ ಜೈಲ್‌ಬ್ರೇಕ್ ಅಂತಲೇ ಹೆಸರು. ಅಂಥ ಗೋಲು ಬಿದ್ದಾಗ ಶಿಕ್ಷೆಯ ಪೆಟ್ಟಿಗೆಯ ಬಾಗಿಲು ತೆರೆದು ಆಟಗಾರ್ತಿ ಕುಣಿಯುತ್ತಾ ಮಂಜಿಗೆ ಜಿಗಿಯುವುದನ್ನು ನೋಡಬೇಕು. ಈ ನಿಯಮ ಯಾರನ್ನೂ ಹೆದರಿಸುವುದಿಲ್ಲ, ಮುಂದೆ ನುಗ್ಗಿದವರಿಗೆ ಬಹುಮಾನ ಕೊಡುತ್ತದೆ. ಎನ್‌ಎಚ್‌ಎಲ್ ನಾಳೆಯೇ ತರಬಹುದಾದದ್ದು ಇದು.

ನಾನು ಬಯಸುವ ಇನ್ನೊಂದು, ನಾಲ್ವರಿರುವ ತಂಡಕ್ಕೂ ಐಸಿಂಗ್ ಅನ್ವಯವಾಗಬೇಕು. ಈಗ ಅವರಿಗೆ ವಿನಾಯಿತಿ ಇದೆ, ಹಾಗಾಗಿ ಪಕ್ ಸಿಕ್ಕಿದ ಕೂಡಲೇ 200 ಅಡಿಯ ರಿಂಕಿನ ಆ ತುದಿಗೆ ಹೊಡೆದುಬಿಡುತ್ತಾರೆ. ತಪ್ಪು ಮಾಡಿದವರಿಗೇ ಒಂದು ಸವಲತ್ತು. ಅಮೆರಿಕದಲ್ಲಿ 14 ವರ್ಷದೊಳಗಿನ ಮಕ್ಕಳ ಹಾಕಿಯಲ್ಲಿ ಈ ವಿನಾಯಿತಿಯನ್ನು ಈಗಾಗಲೇ ತೆಗೆದಿದ್ದಾರೆ. ಒಂದು ಎಚ್ಚರ ಇದೆ. ಶಿಕ್ಷೆ ತೀರಾ ಭಾರವಾದರೆ, ಮುಖ್ಯ ಆಟಗಳಲ್ಲಿ ರೆಫರಿ ಸೀಟಿ ಊದಲು ಹಿಂಜರಿಯುತ್ತಾರೆ. ಆಗ ಕೊಕ್ಕೆ ಹಾಕುವವನಿಗೆ ಹಬ್ಬ.

ಕೊನೆಗೆ, ಚಿಕ್ಕದಾಗಿ ಆಡಿಸಿ ನೋಡಿ

ಮೂವರ ಓವರ್‌ಟೈಮ್ ನೇರವಾಗಿ ಎನ್‌ಎಚ್‌ಎಲ್‌ಗೆ ಬರಲಿಲ್ಲ. ಅದರ ಹಿಂದಿನ ವರ್ಷ ಎಎಚ್‌ಎಲ್ ಅನ್ನುವ ಕೆಳಗಿನ ಲೀಗಿನಲ್ಲಿ ಏಳು ನಿಮಿಷದ ಓವರ್‌ಟೈಮ್ ಇಟ್ಟು, ಮೊದಲು ನಾಲ್ವರು ಆಮೇಲೆ ಮೂವರು ಅಂತ ಆಡಿಸಿದ್ದರು. 2010 ಮತ್ತು 2011ರ ಬೇಸಿಗೆಯಲ್ಲಿ ಟೊರಾಂಟೋದಲ್ಲಿ ಲೀಗ್ ಎಳೆಯ ಆಟಗಾರರನ್ನು ಕರೆದು ಹತ್ತಾರು ನಿಯಮಗಳನ್ನು ಮಂಜಿನ ಮೇಲೇ ಪ್ರಯೋಗ ಮಾಡಿತ್ತು.

ನಮ್ಮ ರಿಂಕಿನಲ್ಲಿ ನಾವೂ ಮಾಡಿದೆವು. ಹದಿಮೂರರ ಹುಡುಗರು, ಗುರುವಾರದ ಪ್ರಾಕ್ಟೀಸು, ಕೊನೆಯ ಕಾಲು ಗಂಟೆಯನ್ನು ಕೋಚ್ ನನಗೆ ಬಿಟ್ಟುಕೊಟ್ಟರು. ಐವರ ಎದುರು ನಾಲ್ವರು, ಎರಡೆರಡು ನಿಮಿಷದ ಸುತ್ತು. ಮೊದಲು ಹಳೆಯ ನಿಯಮ, ಆಮೇಲೆ ಐಸಿಂಗ್ ವಿನಾಯಿತಿ ಇಲ್ಲದೆ. ಹೊಸ ನಿಯಮದ ಮೊದಲ ಸುತ್ತಿನಲ್ಲಿ ನಾಲ್ವರೂ ಅಭ್ಯಾಸಬಲದಿಂದ ಪಕ್ಕನ್ನು ಆ ತುದಿಗೆ ಹೊಡೆದರು, ನಾನು ಗಡಿಯಾರ ನಿಲ್ಲಿಸಿದೆ, ಫೇಸ್‌ಆಫ್, ಅಂದರೆ ಪಕ್ ಕೆಳಗೆ ಬಿಟ್ಟು ಆಟ ಮತ್ತೆ ಶುರು ಮಾಡುವುದು, ವಾಪಸ್ ಅವರ ಗೋಲಿನ ಪಕ್ಕಕ್ಕೇ ಬಂತು. ಮತ್ತೆ ಹೊಡೆದರು, ಮತ್ತೆ ನಿಲ್ಲಿಸಿದೆ. ಮೂರನೇ ಸುತ್ತಿಗೆ ನನ್ನ ಮಗನ ಜೊತೆ ಆಡುವ ಸಣಕಲು ಡಿಫೆಂಡರ್ ಹುಡುಗ ಪಕ್ ಹಿಡಿದು ಒಂದು ಕ್ಷಣ ತಡೆದ. ಹೊಡೆಯಲಿಲ್ಲ. ಬೋರ್ಡಿಗೆ ಬಡಿದು ವಾಪಸ್ ಬರುವ ಹಾಗೆ ಪಾಸ್ ಕೊಟ್ಟು ತಾನೇ ಓಡಿ ಹಿಡಿದುಕೊಂಡ, ಇಬ್ಬರನ್ನು ದಾಟಿ ಕೆಂಪು ಗೆರೆಯಾಚೆ ಹೋದ. ಬೆಂಚಿನ ಹುಡುಗರೆಲ್ಲ ಸ್ಟಿಕ್ಕಿನಿಂದ ಬೋರ್ಡ್ ಬಡಿಯತೊಡಗಿದರು. ಆ ಸುತ್ತಿನಲ್ಲಿ ಎರಡು ನಿಮಿಷ ಮುಗಿಯುವವರೆಗೂ ನಾನು ಗುಂಡಿ ಮುಟ್ಟಲಿಲ್ಲ.