ಹೊಸ ಪೂಲ್ ಕ್ಯೂನಲ್ಲಿ ದೋಷ ಕಂಡರೆ: ಪರೀಕ್ಷೆ, ರಿಪೇರಿ, ವಾಪಸಾತಿ

ಹೊಸ ಕ್ಯೂ, ಅಂದರೆ ಪೂಲ್ ಆಡುವ ಕೋಲು, ಮನೆಗೆ ಬಂದ ದಿನ ನಮ್ಮಲ್ಲಿ ಹೆಚ್ಚಿನವರು ಅದನ್ನು ಜೋಡಿಸಿ, ಚೆಂಡಿಗೆ ತಾಗುವ ತುದಿಯಾದ ಟಿಪ್‌ಗೆ ಚಾಕ್ ತಿಕ್ಕಿ, ನೇರವಾಗಿ ಪಾರ್ಲರಿಗೆ ಒಯ್ಯುತ್ತಾರೆ. ಎರಡು ಫ್ರೇಮ್ ಆಡಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿದಾಗ ಟಿಪ್ಪಿನ ಕೆಳಗಿನ ಬಿಳಿ ಬಳೆಗೆ (ಫೆರೂಲ್) ಚಾಕಿನ ನೀಲಿ ಹತ್ತಿರುತ್ತದೆ, ಟಿಪ್ ಸವೆದಿರುತ್ತದೆ, ಡಬ್ಬಿ ಕಸದ ಬುಟ್ಟಿ ಸೇರಿರುತ್ತದೆ. ಮಾರಿದವನಿಗೆ ‘ಇದು ಬಳಸಿದ ಮಾಲು’ ಎಂದು ಕೈತೊಳೆದುಕೊಳ್ಳಲು ಅಷ್ಟು ಸಾಕು. ಆದ್ದರಿಂದ ಮೊದಲ ಚೆಂಡು ಹೊಡೆಯುವ ಮುನ್ನ ಒಂದು ಅರ್ಧ ಗಂಟೆಯನ್ನು ಕ್ಯೂವಿನ ಪರೀಕ್ಷೆಗೆ ಮೀಸಲಿಡುವುದು ಒಳ್ಳೆಯದು. ದೋಷ ಎಲ್ಲಿದೆ ಎಂದು ಖಚಿತವಾಗುವವರೆಗೆ ಮರಳುಕಾಗದ, ಅಂಟು, ಎಣ್ಣೆ ಯಾವುದನ್ನೂ ಕ್ಯೂವಿನ ಹತ್ತಿರ ತರಬಾರದು ಎಂಬುದು ನಾನು ಹೇಳುವ ಮಾತುಗಳಲ್ಲೆಲ್ಲ ಮುಖ್ಯವಾದದ್ದು. ನನ್ನ ಗೆಳೆಯರೊಬ್ಬರು ಕ್ಯೂವಿನ ಮುಂದಿನ ತುಂಡಾದ ಶಾಫ್ಟ್ ಅಂಟಂಟಾಗಿದೆ ಎಂದು ಮರಳುಕಾಗದದಿಂದ ಉಜ್ಜಿದ ಮರುದಿನವೇ ಅದು ಡೊಂಕಾಗಿರುವುದನ್ನು ಗಮನಿಸಿದರು. ಉಜ್ಜಿದ ಗುರುತನ್ನೇ ಮುಂದಿಟ್ಟು ಅಂಗಡಿಯವರು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ.

ಪಾರ್ಸೆಲ್ ಬಿಚ್ಚುವಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಡಬ್ಬಿಯ ಹೊರಗಿನ ಚೀಟಿಯಿಂದ ಆರಂಭಿಸಿ ಒಳಗಿನ ಕ್ಯೂವಿನ ಎರಡೂ ತುಂಡುಗಳು ಕಾಣುವವರೆಗೆ ಅದು ಎಲ್ಲೂ ಕಡಿಯದೆ ಸಾಗಬೇಕು. ಬಳಿಕ ಎರಡೂ ತುಂಡುಗಳನ್ನು ಬಿಡಿಯಾಗಿಯೇ ಒಂದು ದಿನ ಮನೆಯೊಳಗೆ ಮೇಜಿನ ಮೇಲೆ ಮಲಗಿಸಿಡಿ. ಪೂಲ್ ಕ್ಯೂವಿನ ಶಾಫ್ಟ್ ಸಾಮಾನ್ಯವಾಗಿ ಮೇಪಲ್ ಮರದ್ದು. ಮರವು ಗಾಳಿಯ ತೇವವನ್ನು ಹೀರಿ ಅಡ್ಡಡ್ಡಲಾಗಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಲಬುರಗಿಯ ಗೋದಾಮಿನಲ್ಲಿದ್ದ ಕ್ಯೂ ಜುಲೈನಲ್ಲಿ ಮಂಗಳೂರಿಗೆ ಬಂದರೆ ಅದಕ್ಕೂ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಬಿಸಿಲಿಗೆ ನಿಂತ ಕಾರಿನಲ್ಲಿ ಇಡುವುದು, ಗೋಡೆಗೆ ಓರೆಯಾಗಿ ಒರಗಿಸುವುದು ಈ ಹಂತದಲ್ಲಂತೂ ಕೂಡದು.

ಇನ್ನು, ಕಣ್ಣಿಗೆ ಕಾಣುವುದೆಲ್ಲ ದೋಷವಲ್ಲ. ಮೇಪಲ್ ಶಾಫ್ಟ್‌ನ ಮೇಲೆ ಸಣ್ಣ ಕಂದು ಗೀರುಗಳೂ ಚುಕ್ಕೆಗಳೂ ಇರುತ್ತವೆ. ಆಟಗಾರರು ಶುಗರ್ ಮಾರ್ಕ್ ಎಂದು ಕರೆಯುವ ಈ ಗುರುತುಗಳು ಮರದ ಹುಟ್ಟುಗುಣವೇ ಹೊರತು ಬಿರುಕುಗಳಲ್ಲ. ಹೊಡೆತದ ಮೇಲೆ ಅವುಗಳ ಪರಿಣಾಮವೇನೂ ಇಲ್ಲ. ಸ್ನೂಕರ್ ಕ್ಯೂಗಳಿಗೆ ಬಳಸುವ ಆ್ಯಶ್ ಮರದಲ್ಲಿ ಎದ್ದು ಕಾಣುವ ಬಾಣದ ಮೊನೆಯಂಥ ಗೆರೆಗಳೂ ಹಾಗೆಯೇ. ಆದರೆ ಮರದ ಎಳೆಗಳು ಶಾಫ್ಟ್‌ನ ಉದ್ದಕ್ಕೆ ಸಾಗದೆ ನಡುವೆಯೇ ಪಕ್ಕಕ್ಕೆ ಓಡಿ ಅಂಚಿನಲ್ಲಿ ಮುಗಿದುಹೋಗುತ್ತಿದ್ದರೆ ಎಚ್ಚರ ವಹಿಸಬೇಕು. ಅಂಥ ಶಾಫ್ಟ್ ಇಂದು ನೇರವಾಗಿದ್ದರೂ ಮುಂದೆ ಬಾಗುವ ಸಂಭವ ಹೆಚ್ಚು. ತೂಕದ ವಿಷಯದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. 19 ಔನ್ಸ್ ಎಂದು ಮಾರಿದ ಕ್ಯೂ ಸುಮಾರು 539 ಗ್ರಾಂ ತೂಗಬೇಕು. ಹತ್ತು ಗ್ರಾಂ ಆಚೀಚೆಯಾದರೆ ಅದಕ್ಕಾಗಿ ಜಗಳ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ನೇರವಿದೆಯೇ ಎಂಬ ಪ್ರಶ್ನೆ

‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂಬ ಗಾದೆಯನ್ನು ಪಾರ್ಲರುಗಳಲ್ಲಿ ಹೊಸಬರ ಮೇಲೆ ಆಗಾಗ ಪ್ರಯೋಗಿಸುವುದುಂಟು. ಆದರೆ ಕ್ಯೂ ಪರೀಕ್ಷೆಯಲ್ಲಿ ನೆಲ ನಿಜವಾಗಿಯೂ ಡೊಂಕಾಗಿರಬಹುದು. ಹಳೆಯ ಟೇಬಲ್ಲಿನ ಬಟ್ಟೆಯ ಕೆಳಗೆ ಚಾಕಿನ ಪುಡಿ ಗಡ್ಡೆಕಟ್ಟಿರುತ್ತದೆ, ಸ್ಲೇಟಿನ ಜೋಡಣೆಯಲ್ಲಿ ಏರುತಗ್ಗು ಇರುತ್ತದೆ. ಹಾಗಾಗಿ ಉರುಳಿಸಿ ನೋಡುವ ಪರೀಕ್ಷೆಯನ್ನು ಗಾಜಿನ ಮೇಜಿನ ಮೇಲೋ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೋ ಮಾಡುವುದೇ ಮೇಲು.

ಮೊದಲು ಶಾಫ್ಟ್ ಒಂದನ್ನೇ ಉರುಳಿಸಿ, ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು, ಎದುರಿನಿಂದ ಬೆಳಕು ಬರುವಂತೆ ನೋಡಿ. ಶಾಫ್ಟ್ ಎರಡು ತುಂಡುಗಳು ಸೇರುವ ಜಾಯಿಂಟಿನ ಕಡೆ ದಪ್ಪ, ಟಿಪ್ಪಿನ ಕಡೆ ಸಪೂರ. ಆ ಇಳಿಜಾರು ಎಲ್ಲ ಕ್ಯೂಗಳಲ್ಲಿ ಒಂದೇ ಬಗೆಯದಾಗಿರುವುದಿಲ್ಲವಾದ್ದರಿಂದ ಅದರ ಕೆಳಗೆ ಬೆಳಕಿನ ಎಳೆಯೊಂದು ಕಾಣಿಸಿದ ಮಾತ್ರಕ್ಕೆ ಶಾಫ್ಟ್ ಬಾಗಿದೆ ಎಂದರ್ಥವಲ್ಲ. ಉರುಳುತ್ತಿರುವಾಗ ಆ ಎಳೆ ಒಂದೇ ಸಮನಾಗಿದ್ದರೆ ಅದು ಶಾಫ್ಟ್‌ನ ಆಕಾರ. ಒಮ್ಮೆ ಅಗಲವಾಗಿ ಒಮ್ಮೆ ಮುಚ್ಚಿಕೊಳ್ಳುತ್ತಿದ್ದರೆ, ಟಿಪ್ ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದರೆ ಅದು ಡೊಂಕು. ಇದೇ ರೀತಿ ಹಿಂದಿನ ತುಂಡಾದ ಬಟ್ಟನ್ನೂ ಬೇರೆಯಾಗಿ ಉರುಳಿಸಿ. ಕಡೆಗೆ ಎರಡನ್ನೂ ಜೋಡಿಸಿ, ಪೂಲ್ ಟೇಬಲ್ ಸಿಕ್ಕಿದರೆ ಟಿಪ್ ಟೇಬಲ್ಲಿನ ಮೇಲೂ ಬಟ್ ಅದರ ಅಂಚಿನ ಕುಶನ್ನಿನ ಮೇಲೂ ಇರುವಂತೆ ಇಟ್ಟು ತಿರುಗಿಸಿ ನೋಡಿ.

ಎರಡು ತುಂಡುಗಳೂ ಪ್ರತ್ಯೇಕವಾಗಿ ನೇರವಾಗಿದ್ದು, ಜೋಡಿಸಿದಾಗ ಮಾತ್ರ ತೊನೆದಾಡಿದರೆ ಮರವನ್ನು ದೂರುವುದು ತಪ್ಪು. ಆಗ ನೋಡಬೇಕಾದದ್ದು ಜಾಯಿಂಟನ್ನು. ಜಾಯಿಂಟಿನ ಮುಖ ಸುಮಾರು 21 ಮಿಲಿಮೀಟರ್ ಅಗಲ. ಅದರಿಂದ ಟಿಪ್ಪಿನವರೆಗೆ 29 ಅಂಗುಲ, ಅಂದರೆ ಸುಮಾರು 737 ಮಿಲಿಮೀಟರ್. ಮುಖದ ಒಂದು ಅಂಚಿನಲ್ಲಿ ಕೂದಲೆಳೆಯ ದಪ್ಪದ, 0.1 ಮಿಲಿಮೀಟರಿನಷ್ಟು ಕಸ ಸಿಕ್ಕಿಕೊಂಡರೂ ಟಿಪ್ ತನ್ನ ಜಾಗದಿಂದ ಮೂರೂವರೆ ಮಿಲಿಮೀಟರ್ ಸರಿಯುತ್ತದೆ. ಕಾರ್ಖಾನೆಯ ವಾರ್ನಿಷಿನ ಒಂದು ಒಣಗಿದ ಹನಿ ಇದಕ್ಕೆ ಸಾಕು. ಒಣಬಟ್ಟೆಯಿಂದ ಎರಡೂ ಮುಖಗಳನ್ನು ಒರೆಸಿ, ತುಂಡುಗಳನ್ನು ಬಿಗಿಯುವ ತಿರುಪಾದ ಪಿನ್ನಿನ ಸುರುಳಿಯಲ್ಲಿರುವ ಮರದ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಮತ್ತೆ ಜೋಡಿಸಿ ನೋಡಿ. ಆಮೇಲೂ ತೊನೆಯುತ್ತಿದ್ದರೆ, ಬಿಗಿಯಾಗಿ ತಿರುಗಿಸಿದ ಮೇಲೂ ಜಾಯಿಂಟಿನ ಒಂದು ಮಗ್ಗುಲಿನಲ್ಲಿ ತೆಳು ಕಾಗದ ನುಸುಳುವಷ್ಟು ಸಂದಿಯಿದ್ದರೆ, ಅಥವಾ ಪಿನ್ ಹಿಡಿದು ಅಲುಗಿಸಿದಾಗ ಅದು ತನ್ನ ಗೂಡಿನಲ್ಲೇ ಆಡಿದರೆ, ಅದು ತಯಾರಿಕೆಯ ದೋಷ. ಮನೆಯಲ್ಲಿ ಸರಿಪಡಿಸುವ ಯೋಚನೆ ಮಾಡದೆ ಹಿಂದಿರುಗಿಸಿ.

ಶಾಫ್ಟ್ ಡೊಂಕಾಗಿದ್ದರೂ ಇದೇ ಮಾತು. ಹಬೆ ಹಿಡಿದು ಬಗ್ಗಿಸುವುದು, ತೂಕ ಕಟ್ಟಿ ತೂಗುಹಾಕುವುದು ಮುಂತಾದ ಉಪಾಯಗಳನ್ನು ಹೇಳುವವರು ಬಹಳ ಮಂದಿ ಸಿಗುತ್ತಾರೆ. ಹಾಗೆ ನೇರಗೊಂಡ ಮರ ಮುಂದಿನ ಮಳೆಗಾಲದಲ್ಲಿ ಮತ್ತೆ ತನ್ನ ಹಳೆಯ ಡೊಂಕಿಗೇ ಮರಳುವುದು ಸಾಮಾನ್ಯ. ಬೆಳಕಿಗೆ ಹಿಡಿದು ಹುಡುಕಿದರೆ ಮಾತ್ರ ಕಾಣುವ ಅತಿಸಣ್ಣ ಬಾಗು ಆಟಕ್ಕೆ ಅಡ್ಡಿಯಾಗದು. ಅದನ್ನು ಸಹಿಸಿಕೊಳ್ಳುವುದೋ ಬಿಡುವುದೋ ಕೊಟ್ಟ ಬೆಲೆಯನ್ನು ನೋಡಿ ನೀವೇ ತೀರ್ಮಾನಿಸಬೇಕು.

ಟಕ್ಕೆನ್ನುವ ಸದ್ದು

ನಾನು ಕೊಂಡ ಎರಡನೆಯ ಕ್ಯೂ ನೋಡಲು ನಿರ್ದೋಷವಾಗಿತ್ತು. ಆದರೆ ಸ್ವಲ್ಪ ಬಲವಾಗಿ ಹೊಡೆದಾಗಲೆಲ್ಲ ಎಲ್ಲಿಂದಲೋ ಸಣ್ಣಗೆ ‘ಟಕ್’ ಎನ್ನುತ್ತಿತ್ತು. ನಾನು ಜಾಯಿಂಟನ್ನೇ ಅನುಮಾನಿಸಿ ಒಂದು ವಾರ ಬಿಚ್ಚಿ ಕಟ್ಟಿ ಮಾಡಿದೆ. ಪಾರ್ಲರಿನಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್ ಕ್ಯೂವನ್ನು ಕೈಗೆ ತೆಗೆದುಕೊಂಡು ಎರಡು ಭಾಗ ಮಾಡಿ, ಶಾಫ್ಟನ್ನು ಕಿವಿಯ ಹತ್ತಿರ ಹಿಡಿದು ಬೆರಳಗಂಟಿನಿಂದ ತಟ್ಟಿದರು, ಸದ್ದಿಲ್ಲ. ಬಟ್ಟಿನ ಹಿಂಭಾಗವನ್ನು ಅಂಗೈಗೆ ಕುಟ್ಟಿದರು, ‘ಟಕ್’ ಅಂದಿತು. ಹಿಂದಿನ ರಬ್ಬರ್ ಬಂಪರನ್ನು ಕಳಚಿದರೆ ಒಳಗೆ ತೂಕ ಹೊಂದಿಸಲು ಹಾಕಿದ ಬೋಲ್ಟ್ ಅರ್ಧ ಸುತ್ತು ಸಡಿಲವಾಗಿತ್ತು. ಉದ್ದನೆಯ ಅಲೆನ್ ಕೀಯಿಂದ ಹದವಾಗಿ ಬಿಗಿದ ಮೇಲೆ ಆ ಸದ್ದು ಮತ್ತೆ ಕೇಳಿಸಿಲ್ಲ. ಮಾರಾಟಗಾರರಿಗೆ ವಿಷಯ ತಿಳಿಸಿ, ‘ಬಿಗಿದು ನೋಡಿ’ ಎಂಬ ಅವರ ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ನಾನು ಬೋಲ್ಟಿಗೆ ಕೈಹಾಕಿದ್ದೆ.

ಸದ್ದಿನ ಮೂಲವನ್ನು ಹುಡುಕುವುದು ಹೀಗೆಯೇ: ಒಂದೊಂದೇ ಭಾಗವನ್ನು ಬೇರ್ಪಡಿಸಿ, ಉಳಿದವುಗಳನ್ನು ಪಟ್ಟಿಯಿಂದ ಕೈಬಿಡುತ್ತ ಹೋಗಬೇಕು. ಬೋಲ್ಟ್ ಬಿಗಿದ ಮೇಲೂ ಬಟ್ಟಿನೊಳಗೆ ಗಿಲಕಿಯಂತೆ ಸದ್ದಾದರೆ ಒಳಗಿನ ಅಂಟು ಬಿಟ್ಟಿರುವ ಸಾಧ್ಯತೆಯಿದೆ. ಅದು ವಾಪಸಾತಿಯ ಪ್ರಕರಣ. ಶಾಫ್ಟ್‌ನಿಂದಲೇ ಒಡಕು ಸದ್ದು ಬಂದರೆ ಮುಂದಿನ ತುದಿಯ ಎರಡು ಅಂಗುಲವನ್ನು ಸೂಕ್ಷ್ಮವಾಗಿ ನೋಡಬೇಕು.

ಫೆರೂಲ್ ಮತ್ತು ಟಿಪ್

ಟಿಪ್ಪಿಗೂ ಮರಕ್ಕೂ ನಡುವೆ ಇರುವ ಬಿಳಿಯ ಬಳೆಯೇ ಫೆರೂಲ್. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದು, ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕೂ ಕಾಣುತ್ತದೆ. ಬಿರುಕಿದ್ದರೆ ಹಿಂದಿರುಗಿಸಿ. ಫೆರೂಲ್ ಮತ್ತು ಮರ ಸೇರುವ ಗೆರೆಯ ಮೇಲೆ ಉಗುರು ಆಡಿಸಿದಾಗ ತಡೆದಂತಾಗುವುದು ಮಾತ್ರ ಬೇರೆ ವಿಷಯ: ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಪ್ಲಾಸ್ಟಿಕ್ ಜಾತಿಯ ಫೆರೂಲ್ ಅಷ್ಟು ಹಿಗ್ಗುವುದಿಲ್ಲ, ಸುತ್ತಲೂ ಸಮನಾದ ಸಣ್ಣ ಮೆಟ್ಟಿಲಿದ್ದರೆ ಅದು ಹವೆಯ ಕೆಲಸ. ಒಂದೇ ಮಗ್ಗುಲಲ್ಲಿ ಮೆಟ್ಟಿಲಿದ್ದರೆ ಫೆರೂಲನ್ನು ನಡುವಿಗೆ ಸರಿಯಾಗಿ ಕೂರಿಸಿಲ್ಲ ಎಂದು ತಿಳಿಯಬೇಕು. ಒದ್ದೆ ಬಟ್ಟೆಯಿಂದ ಒರೆಸಿ ನೋಡುವುದು ಬೇಡ. ನೀರು ಬಿದ್ದ ಮೇಪಲ್‌ನ ಎಳೆಗಳು ಎದ್ದು ನಿಂತು ಶಾಫ್ಟ್ ಒರಟಾಗುತ್ತದೆ.

ಟಿಪ್ ಸವೆಯಲೆಂದೇ ಇರುವ ಚರ್ಮದ ತುಂಡು. ಬಹಳಷ್ಟು ತಯಾರಕರು ಅದಕ್ಕೆ ವಾರಂಟಿ ಕೊಡುವುದಿಲ್ಲ. ಅಗ್ಗದ ಕ್ಯೂಗಳಲ್ಲಿ ಅದು ಚಪ್ಪಟೆಯಾಗಿ, ಮೇಲ್ಮೈ ಹೊಳಪೇರಿ, ಚಾಕನ್ನೇ ಹಿಡಿಯದಂತೆ ಬರುವುದುಂಟು. ದೂರು ಕೊಡುವ ಬದಲು ಟಿಪ್ ಉಜ್ಜುವ ಸಾಧನವಾದ ಶೇಪರ್‌ನಿಂದ ದುಂಡಾಗಿಸಿಕೊಳ್ಳುವುದೇ ಸುಲಭ. ಎಷ್ಟು ದುಂಡಗೆ ಎಂದರೆ, ಅಮೆರಿಕದ ಆಟಗಾರರು ತಮ್ಮ ನಿಕಲ್ ನಾಣ್ಯದ ಅಂಚನ್ನು ಅಳತೆಗೋಲು ಮಾಡಿಕೊಂಡಿದ್ದಾರೆ. ಅದರ ವ್ಯಾಸ 21.2 ಮಿಲಿಮೀಟರ್. ನಮ್ಮ 2011ರ ಸರಣಿಯ ಒಂದು ರೂಪಾಯಿ ನಾಣ್ಯ 22 ಮಿಲಿಮೀಟರ್ ಇರುವುದರಿಂದ ಅದನ್ನೇ ಟಿಪ್ಪಿನ ಹಿಂದೆ ಹಿಡಿದು, ಎರಡರ ಬಾಗೂ ಹೊಂದುತ್ತದೆಯೇ ಎಂದು ಬೆಳಕಿಗೆ ನೋಡಬಹುದು.

ಟಿಪ್ಪಿನ ಬುಡದಲ್ಲಿ ಕಪ್ಪು ಸಂದಿ ಕಂಡರೆ, ಚೆಂಡಿಗೆ ತಾಗಿದಾಗ ಸತ್ತಂಥ ಸದ್ದು ಬಂದರೆ ಅಂಟು ಬಿಟ್ಟಿದೆ ಎಂದರ್ಥ. ಪಾರ್ಲರಿನ ಮಾರ್ಕರ್‌ಗಳಿಗೆ ಇದು ದಿನನಿತ್ಯದ ಕೆಲಸ. ಸ್ವತಃ ಮಾಡುವುದಾದರೆ ಹಳೆಯ ಟಿಪ್ಪನ್ನು ಬ್ಲೇಡಿನಿಂದ ತೆಗೆದು, ಫೆರೂಲ್‌ನ ಮುಖದಲ್ಲಿರುವ ಹಳೆಯ ಅಂಟನ್ನು ಪೂರ್ತಿ ಕೆರೆದು, ಮುಖ ಸಮತಟ್ಟಾಗಿರುವುದನ್ನು ನೋಡಿಕೊಳ್ಳಬೇಕು. ಈ ಹಂತದಲ್ಲಿ ಓರೆಯಾದರೆ ಮುಂದಿನದೆಲ್ಲ ಓರೆಯೇ. ಹೊಸ ಟಿಪ್ಪಿನ ಬುಡವನ್ನು ಮರಳುಕಾಗದದ ಮೇಲೆ ಒರಟು ಮಾಡಿ, ಜೆಲ್ ರೂಪದ ಸೂಪರ್ ಗ್ಲೂ ಒಂದು ಹನಿ ಹಾಕಿ, ಒತ್ತಿ ಹಿಡಿದು, ಅಂಟು ಪೂರ್ತಿ ಗಟ್ಟಿಯಾಗಲು ಒಂದು ರಾತ್ರಿ ಬಿಟ್ಟರೆ ಸಾಕು. ಬದಿಗಳನ್ನು ಕತ್ತರಿಸುವಾಗ ಟಿಪ್ಪನ್ನು ಗಟ್ಟಿ ಹಲಗೆಯ ಮೇಲೆ ತಲೆಕೆಳಗಾಗಿ ಒತ್ತಿ ಹಿಡಿದು ಬ್ಲೇಡನ್ನು ಕೆಳಮುಖವಾಗಿ ಎಳೆಯಬೇಕು. ಮರದ ಕಡೆಗೆ ಎಳೆದರೆ ಫೆರೂಲ್‌ಗೇ ಗಾಯ.

ವಾಪಸು ಕಳಿಸುವುದೇ ಆದರೆ

ಫೋನಿನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ದೂರನ್ನು ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಬರೆದೇ ಕಳಿಸಿ. ‘ಕ್ಯೂ ಚೆನ್ನಾಗಿಲ್ಲ’ ಎಂಬ ಒಂದು ಸಾಲಿಗೆ ಯಾರೂ ಬೆಲೆ ಕೊಡುವುದಿಲ್ಲ. ಶಾಫ್ಟ್ ಒಂದನ್ನೇ ಗಾಜಿನ ಮೇಲೆ ಉರುಳಿಸಿದಾಗ ಟಿಪ್ ಇಷ್ಟು ಮಿಲಿಮೀಟರ್ ಏಳುತ್ತದೆ, ಬಟ್ ನೇರವಾಗಿದೆ, ಜಾಯಿಂಟ್ ಒರೆಸಿ ನೋಡಿದ್ದೇನೆ ಎಂದು ಬರೆದು, ವಿಡಿಯೊ ಲಗತ್ತಿಸಿ, ಬದಲಿ ಬೇಕೋ ಹಣ ಬೇಕೋ ಎಂಬುದನ್ನು ಅಲ್ಲೇ ಸ್ಪಷ್ಟಪಡಿಸಿ. ಬಿಲ್ಲನ್ನೂ ವಾರಂಟಿ ಚೀಟಿಯನ್ನೂ ಒಮ್ಮೆ ಓದಿಕೊಂಡಿರಿ. ಮರ ಬಾಗುವುದನ್ನು ವಾರಂಟಿಯ ಹೊರಗಿಡುವ ತಯಾರಕರಿದ್ದಾರೆ, ಆದರೆ ಕೈಸೇರಿದ ದಿನವೇ ಡೊಂಕಾಗಿದ್ದ ಕ್ಯೂವಿನ ವಿಷಯ ಬೇರೆ. ಮೊದಲ ದಿನದ ವಿಡಿಯೊ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ದೋಷವುಳ್ಳ ಅಥವಾ ಜಾಹೀರಾತಿಗೆ ಹೊಂದದ ಮಾಲನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊನೆಯ ದಾರಿಯಾದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. 2019ರ ಕಾಯಿದೆಯ ಪ್ರಕಾರ ಮಾರಾಟಗಾರ ದೆಹಲಿಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಎರಡು ಮೂರು ಸಾವಿರದ ಕ್ಯೂವಿಗಾಗಿ ಅಲ್ಲಿಯವರೆಗೆ ಹೋಗುವ ತಾಳ್ಮೆ ನನಗಿಲ್ಲ. ಆದರೆ ನಿಯಮದ ಹೆಸರನ್ನು ಪತ್ರದಲ್ಲಿ ಸರಿಯಾಗಿ ಬರೆದರೆ ಉತ್ತರದ ಧಾಟಿ ಬದಲಾಗುವುದನ್ನು ನೋಡಿದ್ದೇನೆ.

ಕಳಿಸುವಾಗ ಎರಡೂ ತುಂಡುಗಳನ್ನು ಬೇರೆಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ, ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನೊಳಗಿಟ್ಟು, ಎರಡೂ ಬಾಯಿಗೆ ಮುಚ್ಚಳ ಹಾಕಿ. ರಟ್ಟಿನ ಡಬ್ಬಿ ದಾರಿಯಲ್ಲಿ ಬಾಗಿದರೆ ಹೊಸ ಡೊಂಕಿನ ಹೊಣೆ ಯಾರದೆಂಬ ವಾದ ಶುರುವಾಗುತ್ತದೆ. ಮಾರಾಟಗಾರರು ಬದಲಿಯಾಗಿ ಶಾಫ್ಟ್ ಒಂದನ್ನೇ ಕಳಿಸಿಕೊಟ್ಟರೆ ನಿಮ್ಮ ಬಟ್ಟಿನ ಪಿನ್ನಿಗೆ ಅದು ಹೊಂದುತ್ತದೆಯೇ ಎಂದು ಮೊದಲು ನೋಡಿ: ಎರಡು ಸಾಮಾನ್ಯ ಬಗೆಯ ಪಿನ್ನುಗಳ ದಪ್ಪ 5/16 ಅಂಗುಲವೇ ಆಗಿದ್ದರೂ ಒಂದರಲ್ಲಿ ಅಂಗುಲಕ್ಕೆ 14 ಸುತ್ತು, ಇನ್ನೊಂದರಲ್ಲಿ 18 ಸುತ್ತು ಇರುತ್ತದೆ. ಒಂದೆರಡು ಸುತ್ತು ಸರಾಗವಾಗಿ ಹೋಗಿ ಆಮೇಲೆ ಬಿಗಿದುಕೊಂಡರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿ, ಮಾರಾಟಗಾರರಿಗೆ ಪಿನ್ನಿನ ಫೋಟೊ ಕಳಿಸಿ. ಬಲವಂತವಾಗಿ ತಿರುಗಿಸಿದರೆ ಹೊಸ ಶಾಫ್ಟ್‌ನ ಒಳಸುರುಳಿಯೂ ಕೆಡುತ್ತದೆ.